ಹಳೇ ಹಾರ್ಡ್‌ಡಿಸ್ಕ್‌ನಲ್ಲಿ ಯಾವ ಫೈಲ್ ಯಾರದ್ದು? ಹ್ಯಾಶ್ ಹಿಡಿದು ಗುರುತಿಸುವ ಬಗೆ

ಚಿಕ್ಕಪ್ಪ ಡಿಟಿಪಿ ಅಂಗಡಿ ಮುಚ್ಚಿ ವರ್ಷಗಳೇ ಆದವು. ಅಲ್ಲಿದ್ದ ಕಂಪ್ಯೂಟರ್ ಅಟ್ಟ ಸೇರಿತ್ತು. ದಸರಾಕ್ಕೆ ಅಟ್ಟ ಗುಡಿಸುವಾಗ ಅದು ಕೈಗೆ ಸಿಕ್ಕಿತು, ಜೊತೆಗೆ ನನಗೊಂದು ಕೆಲಸವೂ ಗಂಟುಬಿತ್ತು. "ನೋಡೋ, ಇದರೊಳಗೆ ನಾನು ಮಾಡಿದ ಲಗ್ನಪತ್ರಿಕೆಗಳೆಲ್ಲ ಇವೆ. ಜಾತ್ರೆಯ ಸ್ಮರಣ ಸಂಚಿಕೆನೂ ಇದೆ. ತೆಗೆದುಕೊಡು" ಅಂದರು.

80 ಜಿಬಿ ಡಿಸ್ಕ್. ಒಳಗೆ ವಿಂಡೋಸ್ ಎಕ್ಸ್‌ಪಿ, ಪೇಜ್‌ಮೇಕರ್, ಕೋರೆಲ್‌ಡ್ರಾ, ನುಡಿ, ಬರಹ, ಯಾರೋ ತಂದು ಹಾಕಿದ ಕಾರ್ ರೇಸ್ ಆಟ. ಎಣಿಸಿದರೆ ಅರವತ್ತು ಸಾವಿರ ದಾಟಿದ ಫೈಲ್‌ಗಳು. ಹೆಸರುಗಳೋ ದೇವರಿಗೇ ಪ್ರೀತಿ: 'ಅನ್‌ಟೈಟಲ್ಡ್-1', 'ನ್ಯೂ ಫೋಲ್ಡರ್ 2', 'ಫೈನಲ್', 'ಫೈನಲ್ ಫೈನಲ್'. ಎಕ್ಸ್‌ಟೆನ್ಶನ್ ನೋಡಿ ಹುಡುಕೋಣ ಅಂದರೆ ಸಿಡಿಯಲ್ಲಿ ಬಂದ ಕ್ಲಿಪ್‌ಆರ್ಟ್ ಚಿತ್ರಗಳಿಗೂ ಚಿಕ್ಕಪ್ಪ ಬಿಡಿಸಿದ ಚಿತ್ರಗಳಿಗೂ ಅದು ಒಂದೇ. ತಾರೀಖು ನೋಡೋಣ ಅಂದರೆ ಆ ಕಂಪ್ಯೂಟರ್‌ನ ಗಡಿಯಾರದ ಬ್ಯಾಟರಿ ಸತ್ತು ಎಷ್ಟೋ ಫೈಲ್‌ಗಳ ಮೇಲೆ ಅಂಗಡಿ ತೆರೆಯುವ ಮುಂಚಿನ ತಾರೀಖು ಕೂತಿತ್ತು.

ಆಗ ಉಲ್ಟಾ ಯೋಚನೆ ಮಾಡಬೇಕು. ಕಾಳನ್ನು ಹುಡುಕುವ ಬದಲು ಹೊಟ್ಟು ತೂರಿಬಿಡುವುದು. ವಿಂಡೋಸ್‌ನ ಫೈಲ್, ಕೋರೆಲ್‌ಡ್ರಾದ ಫೈಲ್, ಆಟದ ಫೈಲ್, ಇವೆಲ್ಲ ಲೋಕದಲ್ಲಿ ಲಕ್ಷಾಂತರ ಕಂಪ್ಯೂಟರ್‌ಗಳಲ್ಲಿ ಒಂದು ಬೈಟೂ ವ್ಯತ್ಯಾಸವಿಲ್ಲದೆ ಹಾಗೇ ಇವೆ. ಅವನ್ನು ಹ್ಯಾಶ್ ಹಿಡಿದು ಗುರುತಿಸಿ ಪಕ್ಕಕ್ಕಿಟ್ಟರೆ ಉಳಿಯುವುದೇ ನಮ್ಮದು. ಪೊಲೀಸರ ಸೈಬರ್ ಲ್ಯಾಬ್‌ಗಳಲ್ಲಿ ದಿನಾ ಮಾಡುವ ಕೆಲಸ ಇದು. ಮನೆಯಲ್ಲೂ ಮಾಡಬಹುದು, ಖರ್ಚಿಲ್ಲ. ಹೊಸದಾಗಿ ಡೌನ್‌ಲೋಡ್ ಮಾಡಿದ ಸಾಫ್ಟ್‌ವೇರ್ ಅಸಲಿಯೋ ಅಲ್ಲವೋ ನೋಡುವುದಕ್ಕೂ ಇದೇ ದಾರಿ.

ಮೊದಲು ಒಂದು ಫೈಲ್ ಮೇಲೆ ಕೈ ಪಳಗಿಸಿಕೊಳ್ಳಿ

ಹ್ಯಾಶ್ ಅಂದರೆ ಫೈಲ್‌ನ ಹೆಬ್ಬೆಟ್ಟಿನ ಗುರುತು. ಫೈಲ್‌ನೊಳಗಿನ ಪ್ರತಿ ಬೈಟನ್ನೂ ಒಂದು ಲೆಕ್ಕಕ್ಕೆ ಹಾಕಿ ಅರೆದು ಕೊನೆಗೆ ಒಂದು ಸಂಖ್ಯೆ ತೆಗೆಯುತ್ತಾರೆ. ಫೈಲ್ ಒಂದು ಕೆಬಿ ಇರಲಿ, ನಾಲ್ಕು ಜಿಬಿ ಇರಲಿ, ಆ ಸಂಖ್ಯೆಯ ಉದ್ದ ಅಷ್ಟೇ. ಶಾ-256 ಎಂಬ ವಿಧಾನದಲ್ಲಿ 64 ಅಕ್ಷರ, ಶಾ-1ರಲ್ಲಿ 40, ಎಂಡಿ5ರಲ್ಲಿ 32. 0ಯಿಂದ 9 ಮತ್ತು ಇಂಗ್ಲಿಷಿನ ಎಯಿಂದ ಎಫ್, ಇಷ್ಟೇ ಅಕ್ಷರಗಳು ಅದರಲ್ಲಿರುತ್ತವೆ. ಯಾರಾದರೂ ಉದ್ದದ ಹ್ಯಾಶ್ ಕೊಟ್ಟು ಇದು ಯಾವ ವಿಧಾನದ್ದು ಅಂತ ಹೇಳದಿದ್ದರೆ ಅಕ್ಷರ ಎಣಿಸಿ, ಸಾಮಾನ್ಯವಾಗಿ ಗೊತ್ತಾಗಿಬಿಡುತ್ತದೆ.

ವಿಂಡೋಸ್‌ನಲ್ಲಿ ಪವರ್‌ಶೆಲ್ ತೆರೆಯಿರಿ, ಕಮಾಂಡ್ ಬರೆದು ಕೆಲಸ ಮಾಡಿಸುವ ಕಿಟಕಿ ಅದು. 'ಗೆಟ್', ಒಂದು ಅಡ್ಡಗೆರೆ, 'ಫೈಲ್‌ಹ್ಯಾಶ್' ಅಂತ ಜಾಗ ಬಿಡದೆ ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಆಮೇಲೆ ಒಂದು ಸ್ಪೇಸ್ ಕೊಟ್ಟು, ನಿಮ್ಮ ಫೈಲನ್ನು ಮೌಸಿನಿಂದ ಎಳೆದು ಆ ಕಿಟಕಿಯೊಳಗೆ ಬಿಡಿ. ಫೈಲ್ ಇರುವ ಜಾಗದ ಪೂರ್ತಿ ವಿಳಾಸ ತಾನೇ ಬಂದು ಕೂರುತ್ತದೆ. ಎಂಟರ್ ಒತ್ತಿ. ಬೇರೇನೂ ಹೇಳದಿದ್ದರೆ ಅದು ಶಾ-256 ಕೊಡುತ್ತದೆ. ಎಳೆದು ಬಿಟ್ಟರೂ ಬರುತ್ತಿಲ್ಲ ಅಂದರೆ ಪವರ್‌ಶೆಲ್ಲನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದಿರುತ್ತೀರಿ. ಮುಚ್ಚಿ, ಮಾಮೂಲಿಯಾಗಿ ತೆರೆಯಿರಿ. ನಾನು ಇದಕ್ಕೇ ಅರ್ಧ ಗಂಟೆ ತಲೆ ಕೆಡಿಸಿಕೊಂಡಿದ್ದೆ.

ಹಳೆಯ ವಿಂಡೋಸ್ ಆದರೆ 'ಸರ್ಟ್‌ಯುಟಿಲ್' ಎಂಬ ಕಮಾಂಡ್ ಇದೆ. ಅದಕ್ಕೆ ಶಾ-256 ಬೇಕು ಅಂತ ಬಾಯಿ ಬಿಟ್ಟು ಹೇಳಬೇಕು, ಇಲ್ಲದಿದ್ದರೆ ಶಾ-1 ಕೊಡುತ್ತದೆ. ಲಿನಕ್ಸ್‌ನಲ್ಲಿ 'ಶಾ256ಸಮ್', ಮ್ಯಾಕ್‌ನಲ್ಲಿ 'ಶಾಸಮ್'. ಮ್ಯಾಕ್‌ನವರು ಅಡ್ಡಗೆರೆ ಎ ಹಾಕಿ 256 ಅಂತ ಸೇರಿಸಬೇಕು. ಇದೆಲ್ಲ ಬೇಡ ಅಂದರೆ ಸೆವೆನ್‌ಝಿಪ್ ಎಂಬ ಸಾಫ್ಟ್‌ವೇರ್ ಹಾಕಿಕೊಳ್ಳಿ. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿದರೆ 'ಸಿಆರ್‌ಸಿ ಶಾ' ಎಂಬ ಮೆನುವಿನಲ್ಲಿ ಎಲ್ಲ ಸಿಗುತ್ತದೆ.

ಈಗ ಒಂದು ಆಟ ಆಡಿ. ನೋಟ್‌ಪ್ಯಾಡ್‌ನಲ್ಲಿ 'ನಮಸ್ಕಾರ' ಅಂತ ಬರೆದು ಸೇವ್ ಮಾಡಿ, ಹ್ಯಾಶ್ ತೆಗೆಯಿರಿ. ಕೊನೆಗೊಂದು ಚುಕ್ಕಿ ಸೇರಿಸಿ, ಮತ್ತೆ ತೆಗೆಯಿರಿ. ಮೊದಲಿನದಕ್ಕೂ ಇದಕ್ಕೂ ಯಾವ ನಂಟೂ ಕಾಣುವುದಿಲ್ಲ. ಚುಕ್ಕಿ ಅಳಿಸಿ ಸೇವ್ ಮಾಡಿದರೆ ಹಳೇ ಹ್ಯಾಶೇ ಮರಳಿ ಬರುತ್ತದೆ. ಈಗ ಫೈಲ್‌ನ ಹೆಸರು ಬದಲಿಸಿ, ಬೇರೆ ಫೋಲ್ಡರ್‌ಗೆ ಹಾಕಿ, ಎಕ್ಸ್‌ಟೆನ್ಶನ್ ಕೂಡ ತಿರುಚಿ. ಹ್ಯಾಶ್ ಅಲುಗುವುದಿಲ್ಲ. ಯಾಕೆಂದರೆ ಹೆಸರು, ತಾರೀಖು, ಜಾಗ ಇವು ಫೈಲ್‌ನ ಒಳಗಿಲ್ಲ, ಹೊರಗಿವೆ. ಹ್ಯಾಶ್ ನೋಡುವುದು ಒಳಗಿನದ್ದನ್ನು ಮಾತ್ರ.

ಇನ್ನೊಂದು ತಮಾಷೆ. ಏನೂ ಬರೆಯದ ಖಾಲಿ ಫೈಲ್‌ಗೂ ಹ್ಯಾಶ್ ಇದೆ, ಮತ್ತು ಪ್ರಪಂಚದ ಎಲ್ಲ ಖಾಲಿ ಫೈಲ್‌ಗಳಿಗೂ ಅದು ಒಂದೇ. ಶಾ-256 ಆದರೆ 'ಇ3ಬಿ0ಸಿ442' ಅಂತ ಶುರುವಾಗುತ್ತದೆ. ಎಂಡಿ5 ಆದರೆ 'ಡಿ41ಡಿ8ಸಿಡಿ9'. ಈ ಎರಡನ್ನೂ ನೆನಪಿಟ್ಟುಕೊಳ್ಳಿ. ಡೌನ್‌ಲೋಡ್ ಅರ್ಧಕ್ಕೇ ನಿಂತು ಸೊನ್ನೆ ಬೈಟ್‌ನ ಫೈಲ್ ಆಗಿದ್ದಾಗ, ಅಥವಾ ದೊಡ್ಡ ಪಟ್ಟಿ ನೋಡುವಾಗ ಸಂಬಂಧವೇ ಇಲ್ಲದ ನೂರು ಫೈಲ್‌ಗಳು ಒಂದೇ ಹ್ಯಾಶ್ ತೋರಿಸಿದಾಗ ಗಾಬರಿ ತಪ್ಪುತ್ತದೆ.

ತಾಳೆ ನೋಡುವುದು

ಸಾಫ್ಟ್‌ವೇರ್ ಕೊಡುವವರು ತಮ್ಮ ಪುಟದಲ್ಲಿ ಹ್ಯಾಶ್ ಹಾಕಿರುತ್ತಾರೆ. ನೀವು ತೆಗೆದದ್ದು, ಅವರು ಹಾಕಿದ್ದು, ಎರಡನ್ನೂ ತಾಳೆ ನೋಡಬೇಕು. ಮೊದಲ ನಾಲ್ಕು ಅಕ್ಷರ, ಕೊನೆಯ ನಾಲ್ಕು ಅಕ್ಷರ ನೋಡಿ ಸರಿ ಇದೆ ಅಂತ ಬಿಡುವವರೇ ಜಾಸ್ತಿ. ಹಾಗೆ ಮಾಡಬೇಡಿ, ಕಣ್ಣು ಮೋಸ ಹೋಗುತ್ತದೆ. ಅವರದ್ದನ್ನು ನೋಟ್‌ಪ್ಯಾಡ್‌ಗೆ ಹಾಕಿ, ಕಂಟ್ರೋಲ್ ಎಫ್ ಒತ್ತಿ ನಿಮ್ಮದನ್ನು ಅಂಟಿಸಿ ಹುಡುಕಿ. ಸಿಕ್ಕರೆ ಸರಿ, ಸಿಗದಿದ್ದರೆ ಇಲ್ಲ. ದೊಡ್ಡಕ್ಷರ ಸಣ್ಣಕ್ಷರದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಪವರ್‌ಶೆಲ್ ದೊಡ್ಡಕ್ಷರದಲ್ಲಿ ಕೊಡುತ್ತದೆ, ಲಿನಕ್ಸ್ ಸಣ್ಣಕ್ಷರದಲ್ಲಿ. ಸಂಖ್ಯೆ ಅದೇ.

ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಆ ಹ್ಯಾಶ್ ಬಂದದ್ದು ಎಲ್ಲಿಂದ? 2016ರ ಫೆಬ್ರವರಿ 20ರಂದು ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್‌ನ ಜಾಲತಾಣಕ್ಕೆ ಯಾರೋ ನುಗ್ಗಿ, 17.3 ಸಿನ್ನಮನ್ ಆವೃತ್ತಿಯ ಡೌನ್‌ಲೋಡ್ ಲಿಂಕನ್ನು ತಮ್ಮ ಸರ್ವರ್ ಕಡೆಗೆ ತಿರುಗಿಸಿದ್ದರು. ಅಲ್ಲಿದ್ದದ್ದು ಹಿಂಬಾಗಿಲು ಇಟ್ಟ ಕಳ್ಳ ಪ್ರತಿ. ಅಸಲಿ ಹ್ಯಾಶ್ ಜೊತೆ ತಾಳೆ ನೋಡಿದವರಿಗೆ ಕ್ಷಣದಲ್ಲಿ ಗೊತ್ತಾಗುತ್ತಿತ್ತು. ಆದರೆ ಲಿಂಕ್ ಬದಲಿಸುವಷ್ಟು ಒಳಗೆ ಬಂದವನು ಅದೇ ಪುಟದ ಹ್ಯಾಶ್ ಬದಲಿಸುವುದು ಎಷ್ಟು ಹೊತ್ತಿನ ಕೆಲಸ? ಹಾಗಾಗಿ ಫೈಲ್ ಒಂದು ದಾರಿಯಿಂದ ಬಂದರೆ ಹ್ಯಾಶ್ ಇನ್ನೊಂದು ದಾರಿಯಿಂದ ಬರಲಿ. ಹ್ಯಾಶ್ ಪಟ್ಟಿಗೆ ಡಿಜಿಟಲ್ ಸಹಿ, ಅಂದರೆ ಇದು ಅವರೇ ಕೊಟ್ಟದ್ದು ಅನ್ನುವ ಗುರುತು, ಹಾಕಿದ್ದರೆ ಅದನ್ನೂ ನೋಡಿ. ದೊಡ್ಡ ಲಿನಕ್ಸ್ ಹಂಚಿಕೆಗಳೆಲ್ಲ ಹಾಗೇ ಕೊಡುತ್ತವೆ.

ಕೆಲವೊಮ್ಮೆ ತಪ್ಪೇನೂ ಇಲ್ಲದೆಯೂ ತಾಳೆ ಆಗುವುದಿಲ್ಲ. ಕೆಲವು ಕಂಪನಿಗಳ ಇನ್‌ಸ್ಟಾಲರ್‌ಗಳಲ್ಲಿ ನೀವು ಯಾವ ಲಿಂಕ್‌ನಿಂದ ಬಂದಿರಿ ಎಂಬ ಗುರುತನ್ನು ಡೌನ್‌ಲೋಡ್ ಹೊತ್ತಿಗೇ ಒಳಗೆ ಸೇರಿಸಿ ಕೊಡುತ್ತಾರೆ, ಆಗ ನಿಮ್ಮದು ಮತ್ತು ಪಕ್ಕದ ಮನೆಯವರದ್ದು ಬೇರೆ ಬೇರೆ ಹ್ಯಾಶ್. ಅಂಥಲ್ಲಿ ಫೈಲ್‌ನ ಪ್ರಾಪರ್ಟೀಸ್‌ಗೆ ಹೋಗಿ ಡಿಜಿಟಲ್ ಸಿಗ್ನೇಚರ್ ನೋಡುವುದೇ ದಾರಿ.

ಇನ್ನು ರಾಶಿ ಫೈಲ್‌ಗಳ ಕೆಲಸ

ಹಳೇ ಡಿಸ್ಕ್ ಅಂದರೆ ಮೊದಲ ನಿಯಮ: ಮೂಲದ ಮೇಲೆ ಕೆಲಸ ಮಾಡಬೇಡಿ. ಡಿಸ್ಕನ್ನು ಅಡಾಪ್ಟರ್ ಮೂಲಕ ಸಿಕ್ಕಿಸಿದ ಕೂಡಲೇ ವಿಂಡೋಸ್ ಅದರ ಮೇಲೆ ಏನಾದರೂ ಬರೆದೇ ಬರೆಯುತ್ತದೆ, ನೀವು ಕೇಳದಿದ್ದರೂ. ಜೊತೆಗೆ ವಯಸ್ಸಾದ ಡಿಸ್ಕ್ ಯಾವಾಗ ಕೈ ಕೊಡುತ್ತದೋ ಗೊತ್ತಿಲ್ಲ. ನಾನು ಲಿನಕ್ಸ್‌ನ ಡಿಡಿರೆಸ್ಕ್ಯೂ ಬಳಸಿ ಇಡೀ ಡಿಸ್ಕನ್ನು ನಕಲಿಸಿ ಒಂದೇ ದೊಡ್ಡ ಇಮೇಜ್ ಫೈಲ್ ಮಾಡಿಕೊಂಡೆ. ಕೆಟ್ಟ ಸೆಕ್ಟರ್ ಸಿಕ್ಕರೆ ಅದು ಅಲ್ಲೇ ಕೂತು ಅಳುವುದಿಲ್ಲ, ಮುಂದೆ ಹೋಗಿ ಆಮೇಲೆ ಮತ್ತೆ ಪ್ರಯತ್ನಿಸುತ್ತದೆ. ವಿಂಡೋಸ್‌ನವರಿಗೆ ಎಫ್‌ಟಿಕೆ ಇಮೇಜರ್ ಪುಕ್ಕಟೆ ಸಿಗುತ್ತದೆ. ಇಮೇಜ್ ಆದ ಮೇಲೆ ಅದರ ಹ್ಯಾಶ್ ತೆಗೆದು ಬರೆದಿಟ್ಟುಕೊಳ್ಳಿ. ಡಿಸ್ಕನ್ನು ಮತ್ತೆ ಅಟ್ಟಕ್ಕೇ ಕಳಿಸಿ.

ಈಗ ಹೊಟ್ಟು ಯಾವುದು ಅಂತ ಹೇಳುವ ಪಟ್ಟಿ ಬೇಕಲ್ಲ? ಅದನ್ನು ಮಾಡಿಟ್ಟವರು ಅಮೆರಿಕದಲ್ಲಿದ್ದಾರೆ. ಅಳತೆ ತೂಕಗಳ ಮಾನದಂಡ ನೋಡಿಕೊಳ್ಳುವ ಅಲ್ಲಿನ ಸರ್ಕಾರಿ ಸಂಸ್ಥೆ ನಿಸ್ಟ್ ಇದೆಯಲ್ಲ, ಮೇರಿಲ್ಯಾಂಡ್‌ನ ಗೇದರ್ಸ್‌ಬರ್ಗ್‌ನಲ್ಲಿ, ಅದರೊಳಗೆ ಎನ್‌ಎಸ್‌ಆರ್‌ಎಲ್ ಎಂಬ ಒಂದು ಸಾಫ್ಟ್‌ವೇರ್ ಗ್ರಂಥಾಲಯ ಇದೆ. ಕಪಾಟುಗಳಲ್ಲಿ ಪುಸ್ತಕದ ಬದಲು ಸಾಫ್ಟ್‌ವೇರ್ ಡಬ್ಬಿಗಳು, ಫ್ಲಾಪಿ, ಸಿಡಿ. ದುಡ್ಡು ಕೊಟ್ಟು ತಂದದ್ದೂ ಇದೆ, ದಾನ ಬಂದದ್ದೂ ಇದೆ. ಒಂದೊಂದನ್ನೂ ಬಿಚ್ಚಿ ಒಳಗಿನ ಪ್ರತಿ ಫೈಲ್‌ನ ಹ್ಯಾಶ್, ಹೆಸರು, ಗಾತ್ರ, ಅದು ಯಾವ ಸಾಫ್ಟ್‌ವೇರ್‌ನ ಯಾವ ಆವೃತ್ತಿಯದ್ದು ಎಂದು ದಾಖಲೆ ಮಾಡುತ್ತಾರೆ. ಈ ದಾಖಲೆಗೆ ಆರ್‌ಡಿಎಸ್ ಎಂದು ಹೆಸರು. ವರ್ಷಕ್ಕೆ ನಾಲ್ಕು ಸಲ ಹೊಸ ಪ್ರತಿ ಬರುತ್ತದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ಮೊದಲು ಅದು ಒಂದು ಉದ್ದನೆಯ ಟೆಕ್ಸ್ಟ್ ಫೈಲ್ ಆಗಿತ್ತು. ಈಗಿನ ಮೂರನೇ ಆವೃತ್ತಿ ಎಸ್‌ಕ್ಯೂಲೈಟ್ ಡೇಟಾಬೇಸ್. ಹೊಸ ಪಿಸಿ ಸಾಫ್ಟ್‌ವೇರ್, ಹಳೇ ಪಿಸಿ ಸಾಫ್ಟ್‌ವೇರ್, ಆಂಡ್ರಾಯ್ಡ್, ಐಒಎಸ್ ಅಂತ ಬೇರೆ ಬೇರೆ ಕಟ್ಟುಗಳಿವೆ. ಎಕ್ಸ್‌ಪಿ ಕಾಲದ ಡಿಸ್ಕ್‌ಗೆ ಹಳೇ ಪಿಸಿ ಕಟ್ಟು ತಗೊಳ್ಳಿ. 'ಮಿನಿಮಲ್' ಅಂತ ಇರುವುದು ಸಾಕು, ಅದರಲ್ಲಿ ಒಂದು ಫೈಲ್ ಹತ್ತು ಸಾಫ್ಟ್‌ವೇರ್‌ನಲ್ಲಿದ್ದರೂ ಒಂದೇ ಸಲ ಬರೆದಿರುತ್ತಾರೆ. ಆದರೂ ಇದು ಮೊಬೈಲ್ ಡೇಟಾದಲ್ಲಿ ಇಳಿಸುವ ಸರಕಲ್ಲ. ಹೊಸ ಪಿಸಿ ಕಟ್ಟಾದರೆ ಬಿಚ್ಚಲು ಕೆಲವು ನೂರು ಜಿಬಿ ಖಾಲಿ ಜಾಗ ಇಟ್ಟುಕೊಂಡೇ ಕೂರಿ.

ಸುಲಭದ ದಾರಿ ಆಟಾಪ್ಸಿ. ಬ್ರಯನ್ ಕ್ಯಾರಿಯರ್ ಶುರು ಮಾಡಿದ, ಡಿಸ್ಕ್ ತಪಾಸಣೆ ಮಾಡುವ ಈ ಸಾಫ್ಟ್‌ವೇರ್ ವಿಂಡೋಸ್‌ನಲ್ಲಿ ಓಡುತ್ತದೆ, ಪುಕ್ಕಟೆ. ಟೂಲ್ಸ್ ಮೆನುವಿನಲ್ಲಿ ಆಪ್ಶನ್ಸ್, ಅಲ್ಲಿ ಹ್ಯಾಶ್ ಸೆಟ್ಸ್. ಅಲ್ಲಿ ಈ ಪಟ್ಟಿಯನ್ನು 'ನೋನ್' ಎಂಬ ಬಗೆಯಲ್ಲಿ ಸೇರಿಸಿ. ಆಮೇಲೆ ಡಿಸ್ಕ್ ಇಮೇಜ್ ಕೊಟ್ಟು, ಹ್ಯಾಶ್ ಲುಕಪ್‌ಗೆ ಟಿಕ್ ಹಾಕಿ, ರಾತ್ರಿ ಹಚ್ಚಿ ಮಲಗಿ. ಬೆಳಿಗ್ಗೆ ಸೆಟ್ಟಿಂಗ್ಸ್‌ನಲ್ಲಿ ಗೊತ್ತಿರುವ ಫೈಲ್‌ಗಳನ್ನು ಮರೆಮಾಡು ಅಂತ ಹೇಳಿದರೆ ಅವೆಲ್ಲ ಪರದೆಯಿಂದ ಮಾಯ. ಅಳಿಸಿಹೋಗುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ.

ನಾನು ಕೈಕೆಸರು ಮಾಡಿಕೊಳ್ಳುವ ದಾರಿ ಹಿಡಿದೆ. ಜೆಸ್ಸಿ ಕಾರ್ನ್‌ಬ್ಲಮ್ ಬರೆದ ಹ್ಯಾಶ್‌ಡೀಪ್ ಎಂಬ ಸಣ್ಣ ಸಾಧನ ಇದೆ. ಅಡ್ಡಗೆರೆ ಆರ್ ಅಂತ ಕೊಟ್ಟರೆ ಫೋಲ್ಡರ್‌ನೊಳಗೆ ಫೋಲ್ಡರ್ ಇಳಿದು ಎಲ್ಲ ಫೈಲ್‌ಗಳ ಗಾತ್ರ, ಎಂಡಿ5, ಶಾ-256, ಹೆಸರು ಸಾಲಾಗಿ ಬರೆದುಕೊಡುತ್ತದೆ. ಆ ಪಟ್ಟಿಯನ್ನು ಎಸ್‌ಕ್ಯೂಲೈಟ್‌ನಲ್ಲಿ ಒಂದು ಟೇಬಲ್ ಮಾಡಿ, ಆರ್‌ಡಿಎಸ್‌ನ ಟೇಬಲ್ ಪಕ್ಕ ಕೂರಿಸಿ, ಇದರಲ್ಲಿದ್ದು ಅದರಲ್ಲಿ ಇಲ್ಲದ ಸಾಲುಗಳನ್ನು ಮಾತ್ರ ಕೊಡು ಅಂತ ಕೇಳಿದೆ. ಮೊದಲ ಸಲ ಅರವತ್ತು ಸಾವಿರಕ್ಕೆ ಅರವತ್ತು ಸಾವಿರವೂ 'ಇಲ್ಲ' ಅಂತ ಬಂತು! ಎಕ್ಸ್‌ಪಿಯ ನೋಟ್‌ಪ್ಯಾಡ್ ಕೂಡ ಅಪರಿಚಿತ. ಆಮೇಲೆ ನೋಡಿದರೆ ಒಂದು ಪಟ್ಟಿ ದೊಡ್ಡಕ್ಷರ, ಇನ್ನೊಂದು ಸಣ್ಣಕ್ಷರ. ನಮ್ಮ ಕಣ್ಣಿಗೆ ಎರಡೂ ಒಂದೇ, ಡೇಟಾಬೇಸ್‌ಗೆ ಬೇರೆ. ಎರಡನ್ನೂ ಒಂದೇ ಅಕ್ಷರಕ್ಕೆ ತಂದು ಮತ್ತೆ ಕೇಳಿದಾಗ ವಿಂಡೋಸ್ ಹೆಚ್ಚುಕಡಿಮೆ ಪೂರ್ತಿ ಹೋಯಿತು, ಕ್ಲಿಪ್‌ಆರ್ಟ್ ರಾಶಿಯೂ ಕರಗಿತು.

ನಾಲ್ಕೈದು ಫೈಲ್ ಮಾತ್ರ ನೋಡಬೇಕು ಅನ್ನುವವರು ಇಷ್ಟೆಲ್ಲ ಇಳಿಸಬೇಕಿಲ್ಲ. ಲಕ್ಸೆಂಬರ್ಗ್‌ನ ಸರ್ಕಲ್ ಎಂಬ ಸಂಸ್ಥೆ ಹ್ಯಾಶ್‌ಲುಕಪ್ ಅಂತ ಒಂದು ಸೇವೆ ನಡೆಸುತ್ತದೆ. ಹ್ಯಾಶ್ ಕೊಟ್ಟರೆ ಇದು ಇಂಥ ಸಾಫ್ಟ್‌ವೇರ್‌ನದ್ದು ಅಂತ ಹೇಳುತ್ತದೆ. ನಿಸ್ಟ್‌ನ ಪಟ್ಟಿ ಅದರಲ್ಲೂ ಇದೆ, ಲಿನಕ್ಸ್ ಪ್ಯಾಕೇಜ್‌ಗಳ ಪಟ್ಟಿಗಳೂ ಸೇರಿವೆ.

ನಮ್ಮದೇ ಪಟ್ಟಿ

ನಮ್ಮ ಕಡೆಯ ಸಾಫ್ಟ್‌ವೇರ್‌ಗಳು ಗೇದರ್ಸ್‌ಬರ್ಗ್‌ನ ಕಪಾಟಿನಲ್ಲಿ ಇದ್ದೇ ಇರುತ್ತವೆ ಅಂತ ನೆಚ್ಚಿಕೊಳ್ಳಬೇಡಿ. ಕನ್ನಡದ ಫಾಂಟ್, ಕೀಬೋರ್ಡ್ ಡ್ರೈವರ್, ಊರಿನ ಯಾರೋ ಬರೆದುಕೊಟ್ಟ ಬಿಲ್ಲಿಂಗ್ ಪ್ರೋಗ್ರಾಮು, ಇವಕ್ಕೆ ನಾವೇ ಪಟ್ಟಿ ಮಾಡಿಕೊಳ್ಳಬೇಕು. ಕಷ್ಟವೇನಿಲ್ಲ. ಚಿಕ್ಕಪ್ಪನ ಡಬ್ಬಿಯಲ್ಲಿ ಹಳೇ ಸಿಡಿಗಳು ಇನ್ನೂ ಇದ್ದವು. ಒಂದೊಂದನ್ನೂ ಹಾಕಿ ಹ್ಯಾಶ್‌ಡೀಪ್ ಓಡಿಸಿದೆ. ಆದರೆ ಸಿಡಿಯೊಳಗಿನ ಫೈಲ್‌ಗಳು ಕಟ್ಟಿದ ಗಂಟಿನಲ್ಲಿರುತ್ತವೆ, ಇನ್‌ಸ್ಟಾಲ್ ಆದ ಮೇಲೆ ಬಿಚ್ಚಿಕೊಳ್ಳುತ್ತವೆ. ಹಾಗಾಗಿ ವರ್ಚುವಲ್ ಮಷೀನ್‌ನಲ್ಲಿ, ಅಂದರೆ ಕಂಪ್ಯೂಟರ್‌ನೊಳಗೇ ಓಡುವ ಇನ್ನೊಂದು ಹುಸಿ ಕಂಪ್ಯೂಟರ್‌ನಲ್ಲಿ, ಖಾಲಿ ಎಕ್ಸ್‌ಪಿ ಹಾಕಿ, ಇನ್‌ಸ್ಟಾಲ್‌ಗೆ ಮುಂಚೆ ಒಂದು ಪಟ್ಟಿ, ಆಮೇಲೆ ಒಂದು ಪಟ್ಟಿ ತೆಗೆದರೆ ನಡುವೆ ಹೊಸದಾಗಿ ಬಂದವು ಆ ಸಾಫ್ಟ್‌ವೇರ್‌ನವು.

ಒಂದು ಮಾತು. ಪಟ್ಟಿ ಮಾಡುವ ಮೂಲ ಶುದ್ಧವಾಗಿರಬೇಕು. ಪಕ್ಕದ ಅಂಗಡಿಯ ಪೆನ್‌ಡ್ರೈವ್‌ನಿಂದ ತಂದ ಪ್ರತಿಯ ಹ್ಯಾಶನ್ನು 'ಗೊತ್ತಿರುವುದು' ಅಂತ ಬರೆದಿಟ್ಟರೆ, ಅದರೊಳಗೆ ಏನು ಸೇರಿಕೊಂಡಿದೆಯೋ ಅದೂ ನಿಮ್ಮ ಪಾಲಿಗೆ ಗೊತ್ತಿರುವುದೇ ಆಗಿಬಿಡುತ್ತದೆ.

ಗೊತ್ತು ಅಂದರೆ ಒಳ್ಳೆಯದು ಅಂತಲ್ಲ

ಇಲ್ಲೇ ಬಹಳ ಜನ ಎಡವುವುದು, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಹ್ಯಾಶ್ ತಾಳೆ ಆಯಿತು ಅಂದರೆ ಈ ಫೈಲ್ ಆ ಫೈಲೇ ಅಂತ. ಅದಕ್ಕಿಂತ ಒಂದಕ್ಷರ ಹೆಚ್ಚಿಗೆ ಅದು ಹೇಳುವುದಿಲ್ಲ. ನಿಸ್ಟ್‌ನವರೇ ತಮ್ಮ ಪಟ್ಟಿ ಗೊತ್ತಿರುವ ಸಾಫ್ಟ್‌ವೇರ್‌ನದ್ದು, ಒಳ್ಳೆಯ ಸಾಫ್ಟ್‌ವೇರ್‌ನದ್ದು ಅಂತಲ್ಲ ಎಂದು ಹೇಳುತ್ತಾರೆ. ಚಿತ್ರದೊಳಗೆ ಗುಟ್ಟಾಗಿ ಸಂದೇಶ ಅಡಗಿಸುವ ಸಾಧನಗಳು, ಹ್ಯಾಕಿಂಗ್ ಸಾಧನಗಳು ಕೂಡ ಅದರಲ್ಲಿವೆ. ಕಣ್ಣು ಮುಚ್ಚಿ ಎಲ್ಲ ಮರೆಮಾಡಿದರೆ ಅವೂ ಮರೆಯಾಗುತ್ತವೆ.

ಕಂಪ್ಯೂಟರ್‌ನ ಕಸ ಗುಡಿಸುವ ಸಿಕ್ಲೀನರ್ ಎಂಬ ಸಾಫ್ಟ್‌ವೇರ್‌ಗೆ 2017ರಲ್ಲಿ ಆದದ್ದು ನೋಡಿ. 5.33 ಆವೃತ್ತಿಯೊಳಗೆ ಹ್ಯಾಕರ್‌ಗಳು ಕಂಪನಿಯ ಕಡೆಯಲ್ಲೇ ಕೈಚಳಕ ತೋರಿಸಿದ್ದರು. ಅಧಿಕೃತ ತಾಣದಿಂದಲೇ ಡೌನ್‌ಲೋಡ್, ಕಂಪನಿಯದ್ದೇ ಡಿಜಿಟಲ್ ಸಹಿ. 22 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ಅದು ಹೋಯಿತು. ಹ್ಯಾಶ್ ತಾಳೆ ನೋಡಿದ್ದರೆ ಸರಿಯಾಗೇ ಬರುತ್ತಿತ್ತು, ಯಾಕೆಂದರೆ ಕೆಟ್ಟದ್ದೇ ಅಸಲಿಯಾಗಿತ್ತು.

ಇನ್ನೊಂದು ಹಳೇ ಉಪಾಯ ಇದೆ. ವಿಂಡೋಸ್‌ನಲ್ಲಿ ಶಿಫ್ಟ್ ಕೀ ಐದು ಸಲ ಒತ್ತಿದರೆ ಸ್ಟಿಕಿ ಕೀಸ್ ಅಂತ ಒಂದು ಪೆಟ್ಟಿಗೆ ಬರುತ್ತದಲ್ವಾ? ಲಾಗಿನ್ ಪರದೆಯಲ್ಲೂ ಬರುತ್ತದೆ. ಆ ಪ್ರೋಗ್ರಾಂ ಇರುವ ಜಾಗದಲ್ಲಿ ಕಮಾಂಡ್ ಪ್ರಾಂಪ್ಟ್‌ನ, ಅಂದರೆ ಕಮಾಂಡ್ ಬರೆಯುವ ಕಪ್ಪು ಕಿಟಕಿಯ, ಫೈಲನ್ನು ಅದೇ ಹೆಸರಿಟ್ಟು ಕೂರಿಸಿಬಿಟ್ಟರೆ ಪಾಸ್‌ವರ್ಡ್ ಇಲ್ಲದೆಯೇ ಒಳಗಿನ ಬಾಗಿಲು ತೆರೆದಂತೆ. ಈಗ ಆ ಫೈಲ್‌ನ ಹ್ಯಾಶ್ ತೆಗೆಯಿರಿ. ಮೈಕ್ರೋಸಾಫ್ಟ್‌ನ ಅಸಲಿ ಕಮಾಂಡ್ ಪ್ರಾಂಪ್ಟ್, ಪಟ್ಟಿಯಲ್ಲಿದೆ, ಗೊತ್ತಿರುವುದು, ಮರೆಮಾಡು! ತಪ್ಪು ಫೈಲ್‌ನಲ್ಲಿಲ್ಲ, ಅದು ಕೂತ ಜಾಗದಲ್ಲಿದೆ. ಅದಕ್ಕೇ ತಾಳೆಯಾದ ಫೈಲ್‌ಗಳಲ್ಲೂ ಡಿಸ್ಕ್‌ನಲ್ಲಿರುವ ಹೆಸರು ಮತ್ತು ಪಟ್ಟಿಯಲ್ಲಿರುವ ಹೆಸರು ಬೇರೆ ಇದ್ದವನ್ನು ಒಮ್ಮೆ ಬೇರೆಯಾಗಿ ತೆಗೆದು ನೋಡಿ. ಖಾಲಿ ಫೈಲ್‌ಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಹಾಗೇ, ಪಟ್ಟಿಯಲ್ಲಿ ಇಲ್ಲ ಅಂದರೆ ಕೆಟ್ಟದ್ದು ಅಂತಲೂ ಅಲ್ಲ. ಸೆಟ್ಟಿಂಗ್ಸ್ ಬರೆದಿಡುವ ಫೈಲ್, ಲಾಗ್, ರಿಜಿಸ್ಟ್ರಿ ಇವೆಲ್ಲ ಪ್ರತಿ ಕಂಪ್ಯೂಟರ್‌ನಲ್ಲೂ ಬೇರೆ. ಹೆಸರು ಪೇಜ್‌ಮೇಕರ್‌ನದ್ದೇ, ಗಾತ್ರವೂ ಅಷ್ಟೇ, ಆದರೆ ಹ್ಯಾಶ್ ಬೇರೆ ಅಂತ ಒಂದು ಫೈಲ್ ಸಿಕ್ಕರೆ ಮಾತ್ರ ಕಿವಿ ನೆಟ್ಟಗಾಗಬೇಕು. ವೈರಸ್ ಅಂಟಿಕೊಂಡಿರಬಹುದು, ಅಥವಾ ಲೈಸೆನ್ಸ್ ಕೇಳದಿರಲಿ ಅಂತ ಯಾರೋ ಒಂದೆರಡು ಬೈಟ್ ತಿರುಚಿದ ಕ್ರ್ಯಾಕ್ ಪ್ರತಿ ಇರಬಹುದು. ಆ ಕಾಲದ ಡಿಟಿಪಿ ಅಂಗಡಿಗಳಲ್ಲಿ ಇದ್ದದ್ದೆಲ್ಲ ದುಡ್ಡು ಕೊಟ್ಟು ತಂದದ್ದೇ ಅಂತ ನಾನಂತೂ ಪ್ರಮಾಣ ಮಾಡಲಾರೆ.

ಉಳಿದದ್ದನ್ನು ಹ್ಯಾಶ್ ಪ್ರಕಾರ ಸಾಲು ಮಾಡಿ ನೋಡಿ, ಅದೂ ಮಜವಾಗಿರುತ್ತದೆ. ನನ್ನ ಪಟ್ಟಿಯಲ್ಲಿ ಒಂದೇ ಹ್ಯಾಶ್ ಫೋಲ್ಡರ್ ಫೋಲ್ಡರ್‌ನಲ್ಲೂ ಇತ್ತು. 'ಮದುವೆ' ಫೋಲ್ಡರ್‌ನಲ್ಲಿ 'ಮದುವೆ' ಎಂಬ ಹೆಸರಿನಲ್ಲಿ, 'ಜಾತ್ರೆ' ಫೋಲ್ಡರ್‌ನಲ್ಲಿ 'ಜಾತ್ರೆ' ಎಂಬ ಹೆಸರಿನಲ್ಲಿ. ಐಕಾನ್ ಫೋಲ್ಡರ್‌ನದ್ದು, ಎಕ್ಸ್‌ಟೆನ್ಶನ್ ಮಾತ್ರ ಇಎಕ್ಸ್‌ಇ. ಪೆನ್‌ಡ್ರೈವ್ ಕಾಲದವರಿಗೆ ಈ ವೈರಸ್ ನೆನಪಿರುತ್ತದೆ, ಫೋಲ್ಡರ್ ಅಂದುಕೊಂಡು ಡಬಲ್ ಕ್ಲಿಕ್ ಮಾಡಿದರೆ ಕಥೆ ಮುಗೀತು. ಹೆಸರು ನೂರು ಬಾರಿ ಬದಲಿಸಿಕೊಂಡರೂ ಹ್ಯಾಶ್ ಒಂದೇ ಆಗಿ ಸಿಕ್ಕಿಬಿತ್ತು. ಖಾತ್ರಿಗೆ ಆ ಹ್ಯಾಶನ್ನು, ಫೈಲ್‌ನಲ್ಲಿ ವೈರಸ್ ಇದೆಯೋ ಅಂತ ಹೇಳುವ ವೈರಸ್‌ಟೋಟಲ್ ಎಂಬ ಜಾಲತಾಣದ ಹುಡುಕು ಪೆಟ್ಟಿಗೆಗೆ ಹಾಕಿದೆ. ಗಮನಿಸಿ, ಫೈಲ್ ಅಪ್‌ಲೋಡ್ ಮಾಡಲಿಲ್ಲ, ಹ್ಯಾಶ್ ಮಾತ್ರ. ಅಲ್ಲಿಗೆ ಏರಿಸಿದ ಫೈಲ್‌ಗಳು ದುಡ್ಡು ಕೊಟ್ಟ ಚಂದಾದಾರರ ಕೈಗೂ ಸಿಗುತ್ತವೆ. ಗಿರಾಕಿಯ ದಾಖಲೆ, ಮನೆಯ ಫೋಟೋ ಯಾವುದನ್ನೂ ಸುಮ್ನೆ ಏರಿಸಬೇಡಿ. ಹ್ಯಾಶ್‌ನಿಂದ ಒಳಗೇನಿದೆ ಅಂತ ಹಿಂದಕ್ಕೆ ಲೆಕ್ಕ ಹಾಕಲು ಆಗುವುದಿಲ್ಲ, ಹಾಗಾಗಿ ಅದನ್ನು ಕೊಟ್ಟರೆ ಭಯವಿಲ್ಲ.

ಯಾವ ಹ್ಯಾಶ್ ನಂಬುವುದು

ಹೊಸ ಪಟ್ಟಿ ಮಾಡುವುದಾದರೆ ಶಾ-256, ಬೇರೆ ಯೋಚನೆ ಬೇಡ. ಎಂಡಿ5ರಲ್ಲಿ ಒಂದೇ ಹ್ಯಾಶ್ ಬರುವ ಎರಡು ಬೇರೆ ದತ್ತಾಂಶಗಳನ್ನು ಬೇಕೆಂದೇ ತಯಾರಿಸಬಹುದು ಅಂತ 2004ರಲ್ಲಿ ಚೀನಾದ ಶಿಯಾವ್‌ಯುನ್ ವಾಂಗ್ ಮತ್ತು ಜೊತೆಗಾರರು ತೋರಿಸಿದರು. 2012ರಲ್ಲಿ ಸಿಕ್ಕ ಫ್ಲೇಮ್ ಎಂಬ ಗೂಢಚಾರಿ ವೈರಸ್ ಅದೇ ದೌರ್ಬಲ್ಯ ಹಿಡಿದು ಮೈಕ್ರೋಸಾಫ್ಟ್‌ನದ್ದು ಅನ್ನಿಸುವ ಸಹಿ ಹಾಕಿಕೊಂಡು ಓಡಾಡಿತ್ತು. ಶಾ-1ರ ಸರದಿ 2017ರ ಫೆಬ್ರವರಿಯಲ್ಲಿ ಬಂತು. ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಎಂಬ ಸಂಶೋಧನಾ ಸಂಸ್ಥೆ ಮತ್ತು ಗೂಗಲ್‌ನವರು ನೋಡಲು ಬೇರೆ ಬೇರೆ ಇರುವ, ಶಾ-1 ಮಾತ್ರ ಒಂದೇ ಬರುವ ಎರಡು ಪಿಡಿಎಫ್ ಹೊರತಂದರು. 2030ರ ಕೊನೆಯೊಳಗೆ ಶಾ-1 ಬಳಕೆ ಬಿಡಿ ಅಂತ ನಿಸ್ಟ್ ಹೇಳಿದೆ.

ಹಾಗಾದರೆ ಹಳೇ ಎಂಡಿ5 ಪಟ್ಟಿಗಳನ್ನೆಲ್ಲ ಎಸೆಯಬೇಕಾ? ಬೇಡ. ಎರಡು ಫೈಲ್‌ಗಳನ್ನೂ ತಾನೇ ತಯಾರಿಸಿ ಒಂದೇ ಹ್ಯಾಶ್ ಬರಿಸುವುದು ಬೇರೆ, ಎಂದೋ ಮೈಕ್ರೋಸಾಫ್ಟ್ ಮಾಡಿಟ್ಟ ನೋಟ್‌ಪ್ಯಾಡ್‌ನ ಹ್ಯಾಶ್‌ಗೆ ಸರಿಯಾಗಿ ಕೂರುವ ಹೊಸ ಫೈಲ್ ಮಾಡುವುದು ಬೇರೆ. ಎರಡನೆಯದು ಎಂಡಿ5ರಲ್ಲೂ ಈವರೆಗೆ ಯಾರ ಕೈಲೂ ಆಗಿಲ್ಲ. ಹಳೇ ಡಿಸ್ಕ್‌ನಲ್ಲಿ ಹೊಟ್ಟು ತೂರಲು ಅದು ಸಾಕು, ಗಾತ್ರವನ್ನೂ ಜೊತೆಗೆ ನೋಡಿಕೊಂಡರೆ ಇನ್ನೂ ಒಳ್ಳೆಯದು. ಆದರೆ ಅಪರಿಚಿತರು ಕೊಟ್ಟ ಫೈಲನ್ನು ನಂಬಬೇಕೋ ಬೇಡವೋ ಅನ್ನುವಾಗ ಎಂಡಿ5 ಹಿಡಿದು ಕೂರಬೇಡಿ.

ಕೋರ್ಟು ಕಚೇರಿಗೂ ಇದು ಬಂದಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆ ಜೊತೆ ಕೊಡುವ ಪ್ರಮಾಣಪತ್ರದ ನಮೂನೆಯಲ್ಲಿ ಹ್ಯಾಶ್ ಬರೆಯಲು ಜಾಗ ಇದೆ. ಯಾವ ವಿಧಾನ ಅನ್ನುವುದಕ್ಕೆ ಶಾ-1, ಶಾ-256, ಎಂಡಿ5, ಇತರೆ ಅಂತ ಆಯ್ಕೆಗಳು. ಅಂಗಡಿಯ ಸಿಸಿಟಿವಿ ತುಣುಕನ್ನು ಠಾಣೆಗೆ ಕೊಡಬೇಕಾಗಿ ಬಂದರೆ ಕೊಡುವ ಮುಂಚೆಯೇ ಶಾ-256 ತೆಗೆದಿಟ್ಟುಕೊಳ್ಳಿ. ಮತ್ತೆ, ಅದನ್ನು ವಾಟ್ಸ್‌ಆಪ್‌ನಲ್ಲಿ ವಿಡಿಯೋ ಆಗಿ ಕಳಿಸಬೇಡಿ. ಅದು ಹಿಂಡಿ ಸಣ್ಣದು ಮಾಡುತ್ತದೆ, ಹ್ಯಾಶ್ ಬೇರೆಯಾಗುತ್ತದೆ. ಕಳಿಸಲೇಬೇಕು ಅಂದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಆ ಕಡೆ ಇಳಿಸಿಕೊಂಡ ಮೇಲೆ ಹ್ಯಾಶ್ ತಾಳೆ ನೋಡಿಸಿ.

ಕಡೆಗೆ ಉಳಿದದ್ದು

ಲಗ್ನಪತ್ರಿಕೆಗಳಲ್ಲಿ ಹ್ಯಾಶ್ ನನ್ನ ಕೈ ಹಿಡಿಯಲಿಲ್ಲ. ಅದೇ ಗಣಪತಿ, ಅದೇ ಅಂಚು, ವಧೂವರರ ಹೆಸರು ಮತ್ತು ಕಲ್ಯಾಣ ಮಂಟಪ ಮಾತ್ರ ಬೇರೆ. ನಮಗೆ ಅವೆಲ್ಲ ಒಂದೇ ಪತ್ರಿಕೆ, ಹ್ಯಾಶ್‌ಗೆ ನೂರು ಬೇರೆ ಫೈಲ್. ಹೋಲಿಕೆ ಹುಡುಕಲು ಎಸ್‌ಎಸ್‌ಡೀಪ್ ಅಂತ ಬೇರೆ ಬಗೆಯ ಹ್ಯಾಶ್ ಇದೆ, ಎಷ್ಟು ಹತ್ತಿರ ಅಂತ 0ಯಿಂದ 100ರವರೆಗೆ ಅಂಕ ಕೊಡುತ್ತದೆ. ನಾನು ಅದಕ್ಕೆ ಕೈ ಹಾಕಲಿಲ್ಲ. ಎಲ್ಲವನ್ನೂ ಒಂದು ಫೋಲ್ಡರ್‌ಗೆ ಹಾಕಿ ಕೊಟ್ಟೆ.

ಸ್ಮರಣ ಸಂಚಿಕೆ ಎರಡಿತ್ತು, 'ಫೈನಲ್' ಮತ್ತು 'ಫೈನಲ್ ಫೈನಲ್'. ಎರಡರ ಹ್ಯಾಶೂ ಒಂದೇ. ಒಂದನ್ನು ಅಳಿಸಲಾ ಅಂತ ಕೇಳಿದೆ. ಚಿಕ್ಕಪ್ಪ ಒಪ್ಪಲಿಲ್ಲ. "ಎರಡನೇದರಲ್ಲಿ ಅಧ್ಯಕ್ಷರ ಹೆಸರು ತಿದ್ದಿದ್ದೆ ಕಣೋ, ಅದಕ್ಕೇ ಬೇರೆ ಹೆಸರಿಟ್ಟಿದ್ದು" ಅಂದರು. 64 ಅಕ್ಷರ ತೋರಿಸಿದೆ, ಅದನ್ನು ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು, ನಂಬಲಿಲ್ಲ. ಕೊನೆಗೆ ವರ್ಚುವಲ್ ಮಷೀನ್‌ನಲ್ಲಿ ಪೇಜ್‌ಮೇಕರ್ ಹಾಕಿ ಎರಡನ್ನೂ ತೆರೆದೆವು. ಅಧ್ಯಕ್ಷರ ಹೆಸರಿನ ಕಾಗುಣಿತ ಎರಡರಲ್ಲೂ ತಪ್ಪೇ ಇತ್ತು.